ನಾಲ್ಕು ನಿಮಿಷದ ಹುಡುಕಾಟ

ಕಾಗದನಗರದ ಚನ್ನವೀರಪ್ಪ ಸರ್ವರ್ ರಿಪೇರಿಗೆ ಬಂದರೆ ಮೊದಲು ಕುರ್ಚಿ ಕೇಳುತ್ತಿದ್ದರು, ಆಮೇಲೆ ಕಾಫಿ, ಆಮೇಲೆ ಮೌನ. ಬೇರೆಯವರು ಬಂದ ಕೂಡಲೇ ಹೊಸ ಮೆಮೊರಿ ಹಾಕಿಸಿ ಎನ್ನುವಾಗ, ಇವರು ಮಿನುಗುವ ದೀಪವನ್ನು ಕೆರೆಯ ನೀರು ನೋಡುವಂತೆ ನೋಡುತ್ತಾ, "ತಡೀರಿ ಮಾರಾಯ್ರೆ, ಡಿಸ್ಕ್ ಏನೋ ಹುಡುಕ್ತಿದೆ" ಎನ್ನುತ್ತಿದ್ದರು. ಅವರು ಹಾಗೆ ಕೂತರೆ ಫ್ಯಾನೂ ಮೆಲ್ಲಗೆ ತಿರುಗುತ್ತದೆ ಎಂದು ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ನಗುತ್ತಿದ್ದರು. ಅಲ್ಲಿ ದಿನಾ ಹತ್ತು ಗಂಟೆಗೆ ಕಂಪ್ಯೂಟರುಗಳೆಲ್ಲ ನಾಲ್ಕು ನಿಮಿಷ ನಿಂತುಬಿಡುತ್ತಿದ್ದವು. ಮೂರು ದಿನ ಕೂತು ನೋಡಿದ ಮೇಲೆ ಕಾರಣ ಸಿಕ್ಕಿತು: ಯಾರೋ ಬರೀ ಹೆಸರು ಕೊಟ್ಟು, ಐದಾರು ವರ್ಷದ ರೋಗಿಗಳ ದಾಖಲೆಯನ್ನೆಲ್ಲ ಡಿಸ್ಕಿನಿಂದ ಓದಿಸುತ್ತಿದ್ದರು. "ತುಂಗಮ್ಮ ಅಂತ ಬರ್ತಾರೆ ಸರ್," ಎಂದಳು ಕೌಂಟರಿನ ಪುಷ್ಪಾ. "ಕಾಣೆಯಾದ ಮಗ ಇಲ್ಲಿಗೇನಾದ್ರೂ ಸೇರಿದಾನಾ ಅಂತ ದಿನಾ ಕೇಳ್ತಾರೆ. ನೋಡಲ್ಲ ಅನ್ನಕ್ಕೆ ಮನಸ್ಸು ಬರಲ್ಲ." ನಿಲ್ಲಿಸಿ ಎನ್ನಲು ಚನ್ನವೀರಪ್ಪನವರಿಗೂ ಬಾಯಿ ಬರಲಿಲ್ಲ, ಪುಸ್ತಕದ ಕೊನೆಯಲ್ಲಿರುವಂತೆ ಹೆಸರುಗಳಿಗೊಂದು ಇಂಡೆಕ್ಸ್ ಮಾಡಿಟ್ಟರು. ಮರುದಿನ ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವೆಂಬ ಉತ್ತರ ಬಂತು. ತುಂಗಮ್ಮನ ಮುಖ ಇಳಿದುಹೋಯಿತು. "ಇಷ್ಟು ಬೇಗ ಹೆಂಗೆ ನೋಡಿದ್ರಿ? ಸರಿಯಾಗಿ ನೋಡಿಲ್ಲ ನೀವು." ಪುಷ್ಪಾಳ ಪಕ್ಕದಲ್ಲೇ ಕೂತಿದ್ದ ಚನ್ನವೀರಪ್ಪ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು, ಹುಡುಗನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಬಹಳ ನಿಧಾನಕ್ಕೆ ಒತ್ತತೊಡಗಿದರು.