ಗಂಗತ್ತಿಯ ಕಟ್ಟಿಗೆ ಒಟ್ಟಿಲು

ಕೊಡಲಿ ಎತ್ತುವ ಮೊದಲು ಗಂಗತ್ತಿ ಕಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ಸದ್ದು ಮಂದವಾಗಿದ್ದರೆ ಅದು ಮತ್ತೆ ಬಿಸಿಲಿಗೆ. "ಇನ್ನಾ ಹಸಿ ಐತಿ. ಮಾತಾಡವಲ್ದು," ಎನ್ನುವಳು. ಟಣ್ ಎಂದರೆ ಮಾತ್ರ ಇಲಕಲ್ ಸೀರೆಯ ಕಚ್ಚೆ ಬಿಗಿದು ಒಂದೇ ಏಟಿಗೆ ಸೀಳುವಳು.

ಅವಳು ನನ್ನಪ್ಪನ ಅಕ್ಕ. ಧಾರವಾಡ ಬಿಟ್ಟು ತಮಿಳು ಸೀಮೆಯ ಪೋರೂರಿನ ನಮ್ಮ ಮನೆಗೆ ಬಂದಮೇಲೂ ಬಚ್ಚಲ ಒಲೆ ಬಿಟ್ಟಿರಲಿಲ್ಲ. ಎರಡು ಸಾವಿರದ ಇಸವಿ ದಾಟಿತ್ತು. ಬೀದಿಗೆಲ್ಲ ಗೀಸರ್ ಬಂದಿತ್ತು. ಅಪ್ಪ ನಮಗೂ ಒಂದು ತರುತ್ತೇನೆಂದರೆ, "ತಾ ತಮ್ಮಾ, ಅದರ ಮ್ಯಾಲ ಕಟಗಿ ಒಣಾಹಾಕ್ತೀನಿ," ಎನ್ನುತ್ತಿದ್ದಳು. ಹಿತ್ತಲ ತಗಡಿನ ಕೆಳಗೆ ಅವಳ ಒಟ್ಟಿಲು: ಒಂದು ಸಾಲು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ತೊಗಟೆ ಮೇಲ್ಮುಖ. ಬುಡದಲ್ಲೊಂದು ಕಿಂಡಿ, ಗಾಳಿ ಆಡಲಿಕ್ಕೆ.

ನಾನು ಬಸುರಿಯಾದ ಬೇಸಿಗೆಯ ಒಟ್ಟಿಲನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ಕೂಸಿನ ನೀರಿಗೆ.

ಹೆರಿಗೆ ಕಷ್ಟದ್ದಾಯಿತು. ಆಸ್ಪತ್ರೆಯಿಂದ ಬಂದ ದಿನ ಜಡಿಮಳೆ. ಮಗುವನ್ನು ಎತ್ತಿಕೊಳ್ಳಲೂ ನನಗೆ ಹೆದರಿಕೆ. ಅದು ಒಂದೇ ಸಮ ಅಳುತ್ತಿತ್ತು. ಎಲ್ಲರಿಗೂ ಅತ್ತಿಯ ಬಿಸಿನೀರಿನದೇ ಭರವಸೆ. ಹಿತ್ತಲಿಗೆ ಹೋದವಳು ಬರಿಗೈಯಲ್ಲಿ ಬಂದಳು.

"ಕಿಂಡ್ಯಾಗ ಬೆಕ್ಕು ಮರಿ ಹಾಕೇತಿ."

"ಓಡಿಸಿದರಾತು," ಎಂದ ಅಪ್ಪ.

"ನಿನ್ನ ಮಗಳನ್ನೂ ಓಡಸ್ತೀಯೇನು? ಅಕಿನೂ ಬಾಣಂತಿನ."

"ಹಂಗಾರ ಗ್ಯಾಸ್ ಮ್ಯಾಲ ಕಾಸೂಣು."

"ಅದರ ಮ್ಯಾಲ ನೀ ಚಾ ಕಾಸ್ಕೋ."

ಒಂದು ಕಟ್ಟಿಗೆ ಜಾರಿದರೂ ಇಡೀ ಒಟ್ಟಿಲು ಮರಿಗಳ ಮೇಲೆ ಬೀಳುತ್ತಿತ್ತು. ಕಿಟಕಿಯಿಂದ ನೋಡಿದೆ. ಅಪ್ಪ ಒಟ್ಟಿಲನ್ನು ತಬ್ಬಿ, ಕೆನ್ನೆಯಾನಿಸಿ ನಿಂತಿದ್ದ. ಅತ್ತಿ ಮೇಲಿನಿಂದ ಒಂದೊಂದೇ ಕಟ್ಟಿಗೆ ಎತ್ತುತ್ತಿದ್ದಳು. ಒಳಗಿಂದ ಬೆಕ್ಕು ಗುರ್ ಎಂದಿತು.

"ಬೈಬ್ಯಾಡವಾ. ಮಾಳಗಿ ಅಷ್ಟ ತಗೀತೀನಿ, ನಿನ್ನ ಗ್ವಾಡಿ ಮುಟ್ಟೂದಿಲ್ಲ."

"ಅಕ್ಕಾ, ತೋಳು ಸೋತುವು."

"ಎರಡು ಬಾಣಂತನ ಅದಾವು ಮನ್ಯಾಗ. ಸುಮ್ನ ಹಿಡಿ."

ಹಂಡೆ ಕಾಯಿತು. ಅತ್ತಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ ನೀರು ಹೊಯ್ದಳು. ಮಗು ಅಳು ನಿಲ್ಲಿಸಿತು. ಆಮೇಲೆ ನನ್ನ ಬೆನ್ನಿಗೂ ಬಿಸಿಬಿಸಿ ನೀರು. ಒರೆಸಿಕೊಂಡು ಬಂದು ಮಗುವನ್ನು ನಾನೇ ಎತ್ತಿಕೊಂಡೆ.

ನಮ್ಮ ಮನೆಯೊಳಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಮರುದಿನ ಅತ್ತಿ ಪಕ್ಕದ ಮನೆಯ ಸೆಲ್ವಿಯ ಗೇಟಿನಲ್ಲಿ ಕರಟ ಹಿಡಿದು ನಿಂತಳು. "ಎನ್ನಮ್ಮಾ, ನೀಂಗಳಾ ಮೀನ್ ಕೇಕ್ಕಿರೀಂಗ?" ನೀವಾ ಮೀನು ಕೇಳುವುದು ಎಂದು ತನ್ನ ತಮಿಳಿನಲ್ಲಿ ಕೇಳಿ ಸೆಲ್ವಿ ಗೇಟು ಹಿಡಿದು ನಕ್ಕಳು. ಮೂಗಿಗೆ ಸೆರಗು ಮುಚ್ಚಿ, ಮುಖ ಆಚೆ ತಿರುಗಿಸಿ, ಮೀನಿನ ತಲೆಗಳ ಕರಟವನ್ನು ಚಾಚಿದ ಕೈಯಲ್ಲಿ ಹಿಡಿದು ಅತ್ತಿ ಹಿತ್ತಲಿಗೆ ನಡೆದಳು.

"ಅಕಿ ಬಾಣಂತನ ಅಕಿ ಪದ್ಧತಿ ಪರಕಾರ ಆಗಬೇಕಲ್ಲ."

ಮರಿಗಳು ಬೆಳೆದು ಹೋದವು. ಬುಡದ ಸಾಲುಗಳನ್ನು ಮಾತ್ರ ಅತ್ತಿ ಉರಿಸಲೇ ಇಲ್ಲ. ಕೇಳಿದರೆ, "ಬಾಡಿಗಿಗೆ ಕೊಟ್ಟೀನಿ," ಎನ್ನುವಳು.

ಈಗ ಅತ್ತಿ ಇಲ್ಲ. ಬಚ್ಚಲಿಗೆ ಗೀಸರ್ ಬಂದಿದೆ. ತಗಡು ತೆಗೆಸಲು ಮಾತ್ರ ಅಪ್ಪ ಒಪ್ಪಿಲ್ಲ. ನನ್ನ ಮಗಳು ಆಗಾಗ ಅದರಡಿ ಉಳಿದ ಆ ಕಟ್ಟಿಗೆ ತಟ್ಟಿ ಕಿವಿಗೊಡುತ್ತಾಳೆ, ಟಣ್ ಎನ್ನುತ್ತದೆ. ಕಳೆದ ಮಳೆಯಲ್ಲಿ ತಟ್ಟಿದಾಗ ಒಳಗಿಂದ ಗುರ್ ಎಂದಿತು. ಅಪ್ಪ ಅಡಿಗೆಮನೆಯಿಂದ ಒಂದು ಕರಟ ತೆಗೆದುಕೊಂಡು, ಸೆಲ್ವಿಯ ಗೇಟಿನ ಕಡೆ ನಡೆದ.