ಕೊಬ್ಬರಿ ಎಣ್ಣೆ ಎಂದು ಬರೆದವನು ನಾನು

ಆ ಫಾರಂಗಳನ್ನು ತುಂಬಿದವನು ನಾನು. ನನ್ನ ತಂಗಿ ಲೀಲಾ ಅಲ್ಲ. ಒಬ್ಬರನ್ನೂ ಕೇಳದೆ, ಸಮುದ್ರದ ದಂಡೆಗೆ ಎಳೆದಿಟ್ಟಿದ್ದ ದೋಣಿಯ ಮರೆಯಲ್ಲಿ ಕೂತು, ಮೂವತ್ತೆರಡು ಜನರ ಬದಲು ನಾನೊಬ್ಬನೇ ಉತ್ತರ ಬರೆದೆ. ಆರು ವರ್ಷವಾಯಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ — ಅವಳು ಬಾಯಿಬಿಟ್ಟು ಕೇಳಿದಾಗಲೂ ಹೇಳಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ತುರುವೇಕೆರೆ ಪಕ್ಕದ ನಮ್ಮೂರಲ್ಲಿ ತೆಂಗಿನಕಾಯಿ ಸುಲಿಯುವುದು ನನ್ನ ಕೆಲಸ. ಲೀಲಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಈಜು ಕಲಿಸಿದ್ದು ನಾನೇ. ಸಿಪ್ಪೆ ಬಿಡಿಸದ ಎರಡು ಒಣಗಾಯಿಗಳನ್ನು ಜೋಡಿಸಿ ಅವಳ ಸೊಂಟಕ್ಕೆ ಕಟ್ಟಿ ತೋಟದ ಬಾವಿಗೆ ಇಳಿಸುತ್ತಿದ್ದೆ. ಅದಕ್ಕೂ ಮುಂಚೆ ಅವ್ವ, ಬಿಸಿಲಿಗೆ ಮಗುವಿನ ಮೈ ಸುಡಬಾರದೆಂದು ತಲೆಯಿಂದ ಕಾಲಿನವರೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ನಮಗೆ ಗೊತ್ತಿದ್ದ ನೀರು ಅಷ್ಟೇ, ಬಿಸಿಲೂ ಅಷ್ಟೇ. ಅವಳು ಮಾತ್ರ ಆ ಬಾವಿಯಿಂದ ಎಲ್ಲಿಗೋ ಹೋದಳು — ಕಾಲೇಜಿಗೆ, ಅಲ್ಲಿಂದ ಸಮುದ್ರದ ಬಗ್ಗೆ ಪಿಎಚ್‌ಡಿ ಮಾಡಲು.

ಅವಳು ಮಾಡಬೇಕಿದ್ದುದು ಇದು. ಮುರುಡೇಶ್ವರದ ಕಡೆಯಿಂದ ದೋಣಿಯಲ್ಲಿ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾದವರನ್ನು ಕೇಳಬೇಕು. ಬಿಸಿಲಿಗೆ ಏನು ಹಚ್ಚಿಕೊಳ್ಳುತ್ತೀರಿ? ಕ್ರೀಮೋ, ಇಲ್ಲ ತುಂಬುತೋಳಿನ ಬಟ್ಟೆ ಹಾಕುತ್ತೀರೋ? ಆ ಕ್ರೀಮು ನೀರಲ್ಲಿ ತೊಳೆದುಹೋಗಿ ಹವಳಕ್ಕೆ ಕೆಡುಕು ಮಾಡಬಹುದೆಂದು ಗೊತ್ತೆ? ಕೆಳಗೆ ಹವಳವನ್ನು ಮುಟ್ಟುತ್ತೀರಾ, ಮೀನಿಗೆ ತಿಂಡಿ ಹಾಕುತ್ತೀರಾ, ಕಂಡ ಪ್ಲಾಸ್ಟಿಕ್ಕು ಎತ್ತಿ ತರುತ್ತೀರಾ? “ಕಲ್ಲಿನ ಥರ ಕಾಣ್ತದೆ ಕಣಣ್ಣ ಹವಳ, ಆದ್ರೆ ಜೀವ ಐತೆ ಅದ್ಕೆ,” ಎನ್ನುತ್ತಿದ್ದಳು. ಫಾರಂ ಕನ್ನಡದಲ್ಲೂ ಇತ್ತು, ಇಂಗ್ಲಿಷಿನಲ್ಲೂ ಇತ್ತು. ಕಟ್ಟುನಿಟ್ಟು ಒಂದೇ — ಉತ್ತರವನ್ನು ಅವರೇ, ಅವರ ಕೈಯಲ್ಲೇ ಬರೆಯಬೇಕು.

ಒಬ್ಬಳೇ ಹೋಗಬಾರದೆಂದು ಅವ್ವ ನನ್ನನ್ನೂ ಜೊತೆಗೆ ಕಳಿಸಿದ್ದಳು. ಎರಡು ವಾರ ಅವಳೇ ದಂಡೆಯಲ್ಲಿ ನಿಂತು ಕೇಳಿದಳು. ಕೊನೆಗೆ ಜ್ವರ ಬಂತು. ಮಳೆಗಾಲ ಹತ್ತಿರವಾಗಿತ್ತು, ದೋಣಿಗಳು ಇನ್ನು ನಾಲ್ಕೈದು ದಿನದಲ್ಲಿ ನಿಲ್ಲುತ್ತಿದ್ದವು.

“ಇನ್ನೂ ಮೂವತ್ತೆರಡು ಬೇಕು ಕಣಣ್ಣ.”

“ನೀನು ಮಲಿಕ್ಕೊ. ಕಾಗ್ದ ಕೊಡೋದು, ಇಸ್ಕಳೋದು. ಅಷ್ಟೂ ಬರಲ್ವಾ ನಂಗೆ?”

“ಬಲವಂತ ಮಾಡ್ಬೇಡ. ನೀನೇ ಉತ್ರ ಹೇಳ್ಕೊಡಬೇಡ. ಯಾರಾದ್ರೂ ಆಗಲ್ಲ ಅಂದ್ರೆ ಬೈಬೇಡ.”

“ಉಸ್ರಾದ್ರೂ ಆಡ್ಲಾ ಬ್ಯಾಡ್ವಾ?”

ಜ್ವರದಲ್ಲೂ ನಕ್ಕಳು. ಆ ನಗುವನ್ನು ನೆನೆದರೆ — ಇರಲಿ.

ದಂಡೆಯಲ್ಲಿ ಆಗಿದ್ದು ಇಷ್ಟೇ. ಮೊದಲ ಗುಂಪು ದೋಣಿಯಿಂದ ಇಳಿಯಿತು. ನಾನು ಫಾರಂ ಮುಂದೆ ಹಿಡಿದೆ. ನನ್ನ ಬಾಯಿಂದ ಮಾತು ಹೊರಡುವ ಮುಂಚೆಯೇ ಒಬ್ಬ ತಲೆ ಒರೆಸಿಕೊಳ್ಳುತ್ತಾ, “ಅಂಕಲ್, ನೀವು ಯಾವ ಕ್ರೀಮ್ ಹಚ್ತೀರಾ?” ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಈಗ ಹಾಗನ್ನಿಸುತ್ತದೆ. ಇನ್ನೊಂದು ನಿಮಿಷ ನಿಂತಿದ್ದರೆ ಆತನೇ ಬರೆದುಕೊಡುತ್ತಿದ್ದನೇನೋ. ನಾನು ನಿಲ್ಲಲಿಲ್ಲ. ಫಾರಂಗಳನ್ನು ಕಂಕುಳಲ್ಲಿ ಒತ್ತಿಕೊಂಡು ದೋಣಿಯ ಮರೆಗೆ ಹೋದೆ. ಇನ್ನೊಬ್ಬರ ಮುಂದೆ ಹೋಗಲೇ ಇಲ್ಲ — ಅವತ್ತೂ, ಮಾರನೆಯ ದಿನವೂ.

ಕನ್ನಡದ ಫಾರಂಗಳನ್ನೇ ಆರಿಸಿಕೊಂಡೆ. ಎರಡು ಬಣ್ಣದ ಪೆನ್ನು ತಂದೆ. ಅಕ್ಷರವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದೆ. ಮೊದಲ ನಾಲ್ಕೈದರಲ್ಲಿ ‘ಕ್ರೀಮು’ ಎಂದೇ ಬರೆದೆ. ಆಮೇಲೆ ಅನ್ನಿಸಿತು — ಕ್ರೀಮು ಕೆಡುಕು ಅಂತ ಅವಳೇ ಹೇಳಿದ್ದಳಲ್ಲ, ಒಳ್ಳೆಯ ಉತ್ತರ ಸಿಕ್ಕರೆ ಖುಷಿಪಡುತ್ತಾಳೆ. ಅವಳ ಪ್ರಶ್ನೆಗಳನ್ನು ನಾನು ಪರೀಕ್ಷೆ ಎಂದುಕೊಂಡಿದ್ದೆ. ನಿಜವಾದ ಉತ್ತರವೇ ಬೇಕಾದದ್ದು, ಅದು ಎಷ್ಟೇ ಕೆಟ್ಟದಾಗಿದ್ದರೂ ಸರಿ — ಇದು ನನ್ನ ತಲೆಗೆ ಹೋಗಲಿಲ್ಲ. ಉಳಿದ ಎಲ್ಲದರಲ್ಲೂ ಬರೆದೆ: ಕೊಬ್ಬರಿ ಎಣ್ಣೆ. ಹವಳ ಮುಟ್ಟುವುದಿಲ್ಲ. ಪ್ಲಾಸ್ಟಿಕ್ಕು ಎತ್ತಿ ತರುತ್ತೇವೆ.

ಒಯ್ದು ಕೊಟ್ಟಾಗ ಅವಳು ಎದ್ದು ಕೂತು ಒಂದೊಂದೇ ಫಾರಂ ನೋಡಿದಳು.

“ಅಣ್ಣಾ, ಇಲ್ನೋಡು! ಕನ್ನಡ್ದೋರು ಕೊಬ್ರಿ ಎಣ್ಣೆ ಹಚ್ಕೊಂಡು ಇಳೀತಾರಂತೆ! ಇದ್ನ ಯಾರೂ ಬರ್ದೇ ಇಲ್ಲ ಇಲ್ಲೀವರ್ಗೂ. ಅವ್ವಂಗೆ ಫೋನ್ ಮಾಡು, ಅವ್ವಂಗೆ!”

ಆಗ ಹೇಳಬಹುದಿತ್ತು. ಒಂದೇ ಒಂದು ಮಾತು. ನಾನು ಗಂಜಿ ಆರಿಸುತ್ತಾ ಕೂತೆ.

ಮುಂದಿನ ವರ್ಷ ಅವಳು ತನ್ನ ಕೆಲಸವನ್ನು ಮೇಷ್ಟ್ರುಗಳ ಮುಂದೆ ಹೇಳುವ ದಿನ ನನ್ನನ್ನೂ ಕರೆದುಕೊಂಡು ಹೋದಳು. “ಇದ್ರಾಗೆ ನಿಂದೂ ಪಾಲೈತೆ” ಎಂದಳು. ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಕೊಬ್ಬರಿ ಎಣ್ಣೆಯ ಮಾತು ಬಂದಾಗ ಅವಳ ದನಿಯೇ ಬೇರೆಯಾಯಿತು, ಮನೆಯ ದನಿಯಾಯಿತು. ಮುಗಿದ ಮೇಲೆ, ಸ್ಕೂಬಾ ಕಲಿಸುವವನೆಂದು ಕರೆಸಿದ್ದ ಕರಾವಳಿಯ ಒಬ್ಬಾತ ಎದ್ದು ನಿಂತ.

“ಎಣ್ಣೆ ಹಚ್ಚಿದ್ರೆ ಮುಖದ ಮಾಸ್ಕ್ ಕೂರೂದಿಲ್ಲ ಮೇಡಂ. ಜಾರ್ತದೆ, ನೀರು ಒಳಗೆ ಬರ್ತದೆ. ಯಾರಾದ್ರೂ ಹಚ್ಚಿದ್ರೆ ನಾವೇ ಒರೆಸಿ ಇಳಿಸೂದು. ಇಷ್ಟು ಜನ ಹೀಗೆ ಬರೆದ್ರು ಅಂದ್ರೆ…”

ಅವಳ ಮೇಷ್ಟ್ರು ಫಾರಂಗಳನ್ನು ತರಿಸಿದರು. ಲೀಲಾ ಒಂದನ್ನು ಕೈಗೆತ್ತಿಕೊಂಡಳು. ಓದಲಿಲ್ಲ. ತಿರುಗಿಸಿ, ಹಾಳೆಯ ಹಿಂಬದಿಯ ಮೇಲೆ ಬೆರಳಾಡಿಸಿದಳು. ದಿನಾ ಕಾಯಿ ಸುಲಿಯುವ ಕೈ ನನ್ನದು, ಪೆನ್ನು ಹಿಡಿದರೂ ಹಾಗೇ ಒತ್ತುತ್ತದೆ. ಅಕ್ಷರ ಹಿಂದುಗಡೆ ಎದ್ದು ಕಾಣುತ್ತದೆ. ಹಾಸ್ಟೆಲಿಗೆ ನಾನು ಬರೆದ ಕಾಗದಗಳನ್ನು ಅವಳು ಹೀಗೆಯೇ ಸವರಿ, “ಕತ್ಲಲ್ಲೂ ಓದ್ಬೋದು ಕಣಣ್ಣ ನಿನ್ನ ಕಾಗ್ದ” ಎಂದು ತಮಾಷೆ ಮಾಡುತ್ತಿದ್ದಳು. ಅಕ್ಷರ ವಾಲಿಸಿದೆ, ಬಣ್ಣ ಬದಲಿಸಿದೆ. ಕೈಯ ಭಾರ ಬದಲಿಸಲು ತೋಚಲಿಲ್ಲ.

ಇನ್ನೊಂದು ತಿರುಗಿಸಿದಳು. ಮತ್ತೊಂದು. ಕೊನೆಯ ಬೆಂಚಿನ ಕಡೆ ನೋಡಿದಳು.

“ನಾನೇ ತುಂಬಿದ್ದು ಸರ್. ತಪ್ಪು ನಂದು,” ಎಂದಳು.

ನಾನು ಏಳಲಿಲ್ಲ. ನನ್ನ ಕೈ ಬೆಂಚಿನ ಕೆಳಗಿತ್ತು.

ಅವಳ ಓದು ಅಲ್ಲಿಗೆ ನಿಂತಿತು. ಊರಿಗೆ ಬರುವ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು: “ಅಣ್ಣ, ಒಬ್ರುನ್ನಾದ್ರೂ ಕೇಳಿದ್ಯಾ?”

“ಎಲ್ರುನ್ನೂ ಕೇಳ್ದೆ ಕಣವ್ವ. ಅವ್ರು ಹೇಳಿದ್ರು, ನಾನು ಬರ್ದೆ.”

“ಹಂಗಾದ್ರೆ ಸರಿ ಬುಡು.”

ಮೊದಲ ತಪ್ಪಿಗಿಂತ ಇದು ದೊಡ್ಡದು. ಏಕೆಂದರೆ ಅವಳು ನಂಬಿದಳು. ಹಾಗೆ ಹೇಳಿದ ಜನ ಇದ್ದಾರೆ, ಒಬ್ಬರು ಸಿಕ್ಕರೂ ಮೇಷ್ಟ್ರ ಮುಂದೆ ನಿಲ್ಲಿಸಬಹುದು ಎಂದು ಮಳೆಗಾಲ ಕಳೆದ ಮೇಲೆ ಒಬ್ಬಳೇ ಮತ್ತೆ ಆ ದಂಡೆಗೆ ಹೋದಳು. ಹತ್ತು ದಿನ ನಿಂತಳು. ಬರುವ ದೋಣಿಯನ್ನೆಲ್ಲಾ ಕಾದು, ಇಳಿದವರನ್ನೆಲ್ಲಾ ಕೊಬ್ಬರಿ ಎಣ್ಣೆ ಹಚ್ಚುತ್ತೀರಾ ಎಂದು ಕೇಳಿದಳು. ಅಂಥವರು ಯಾರೂ ಇಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ — ನಾನು ಇಲ್ಲಿ ಕಾಯಿ ಸುಲಿಯುತ್ತಿದ್ದೆ. ಕಪ್ಪಾಗಿ, ಮೂಗಿನ ಮೇಲೆ ಚರ್ಮ ಸುಲಿದು ವಾಪಸು ಬಂದಳು. ಅವ್ವ ಅವಳ ಮುಖಕ್ಕೆ ಎಣ್ಣೆ ಹಚ್ಚಲು ಹೋದರೆ ಕೈ ತಳ್ಳಿದಳು. ಸಮುದ್ರದ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಅವಳು ತುರುವೇಕೆರೆಯಲ್ಲಿ ಅರ್ಜಿ ತುಂಬಿಕೊಡುವ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂರುತ್ತಾಳೆ. ಜನ “ಏನೋ ಒಂದ್ ಹಾಕ್ಕೊಳವ್ವ” ಎಂದರೂ ಹಾಕುವುದಿಲ್ಲ. ಕೇಳಿ, ಅವರು ಹೇಳಿದ್ದನ್ನೇ ಬರೆಯುತ್ತಾಳೆ. ಮೊನ್ನೆ ನನ್ನ ಕಾರ್ಮಿಕ ಕಾರ್ಡಿನ ಅರ್ಜಿಗೆ ಹೋಗಿದ್ದೆ. ಒಡಹುಟ್ಟಿದವನ ಹೆಸರನ್ನೂ ಕೇಳಿ ಬರೆದಳು, ಊರನ್ನೂ ಕೇಳಿ ಬರೆದಳು. ಕೊನೆಗೆ, ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಸಾಲಿನ ಕೆಳಗೆ ಬೆರಳಿಟ್ಟು ಪೆನ್ನು ಕೊಟ್ಟಳು. ಸಹಿ ಮಾಡಿದೆ. ಹಾಳೆ ತೆಗೆದುಕೊಂಡು ಹಿಂದೆ ತಿರುಗಿಸಿ, ನನ್ನ ಸಹಿಯ ಗುರುತಿನ ಮೇಲೆ ಸುಮ್ಮನೆ ಬೆರಳಾಡಿಸಿದಳು. “ಮುಂದಿನೋರು ಬನ್ನಿ” ಎಂದಳು.

ಲೀಲಾ, ಈ ಕಾಗದ ಮೊದಲು ನಿನಗೆ. ಇದನ್ನೇ ಇನ್ನೊಮ್ಮೆ ಬರೆದು, ಹೆಸರು ಊರು ಹಾಕಿ ನಿನ್ನ ಮೇಷ್ಟ್ರ ಕೈಗೆ ನಾನೇ ಕೊಟ್ಟು ಬರುತ್ತೇನೆ. ಆ ಫಾರಂಗಳು ಇನ್ನೂ ಇದ್ದರೆ ಹಿಂದುಮುಂದು ತಿರುಗಿಸಿ ಹೋಲಿಸಿ ನೋಡಲಿ. ನಿನ್ನ ಓದು ವಾಪಸು ಬರುತ್ತದೆಂದು ನಾನು ಹೇಳಲಾರೆ. ಕ್ಷಮಿಸು ಎನ್ನಲೂ ಬಾಯಿ ಬರುತ್ತಿಲ್ಲ. ಬಸ್ಸಿನಲ್ಲಿ ನೀನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ಇಲ್ಲ ಕಣವ್ವ. ಒಬ್ಬರನ್ನೂ ಕೇಳಲಿಲ್ಲ.