ಮೊಟ್ಟೆ ಬೇಯುವಷ್ಟು ಹಾಡು

ನಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಬೇಯುವುದು ಗಡಿಯಾರದ ಲೆಕ್ಕದಲ್ಲಲ್ಲ, ಹಾಡಿನ ಲೆಕ್ಕದಲ್ಲಿ. ನೀರು ಕುದಿ ಬಂದ ಮೇಲೆ ಮೊಟ್ಟೆ ಇಳಿಬಿಟ್ಟು, ನಿಧಾನಗತಿಯ ಗೀತೆಯೊಂದನ್ನು ಆರು ಚರಣ ಹಾಡಿದರೆ ಹಳದಿ ಹದವಾಗಿ ಗಟ್ಟಿಯಾಗಿರುತ್ತದೆ. ಉತ್ಸಾಹದ ಹಾಡು ಹಿಡಿದು ಓಡಿದಿರೋ, ಸಿಪ್ಪೆ ಸುಲಿಯುವಾಗ ಕೈಯೆಲ್ಲ ಲೋಳೆ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಪುಟ್ಟ ಯಂತ್ರವೊಂದನ್ನು ಸೊಸೆ ತಂದು ಒಲೆಯ ಪಕ್ಕದಲ್ಲಿಟ್ಟಿದ್ದಾಳೆ. ಪಾಪ, ಅದು ತನ್ನ ಪಾಡಿಗೆ ಕಿಣಿಕಿಣಿ ಎನ್ನುತ್ತದೆ, ನಾನು ನನ್ನ ಪಾಡಿಗೆ ಹಾಡು ಮುಗಿಸಿಯೇ ಒಲೆ ಆರಿಸುತ್ತೇನೆ. ಈ ಲೆಕ್ಕವನ್ನು ನನಗೆ ಕಲಿಸಿದವರು ನನ್ನ ಅತ್ತೆ ಮಾರ್ಥಮ್ಮನವರು. ಕಲಿಯುವುದಕ್ಕೆ ನಾನು ತೆತ್ತ ದಂಡದ ಕಥೆ ಕೇಳಬೇಕಾದರೆ ನೀವು ನನ್ನ ಜೊತೆ ಐವತ್ತರ ದಶಕದ ರಾಜಾಜಿನಗರಕ್ಕೆ ಬರಬೇಕು.

ಅದು ಬ್ಲಾಕುಗಳ ನಂಬರು ಮೊದಲು ಬಂದು ಮನೆಗಳು ಆಮೇಲೆ ಬಂದ ಊರು. ನಾಲ್ಕು ಮನೆ ದಾಟಿದರೆ ರಾಗಿ ಹೊಲ, ಹೊಲ ದಾಟಿದರೆ ಮತ್ತೆ ನಾಲ್ಕು ಮನೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರ ಕೈಹಿಡಿದು ತುಮಕೂರಿನ ಕಡೆಯಿಂದ ನಾನು ಬಂದಾಗ ನಮ್ಮ ದೇವಾಲಯಕ್ಕೆ ಗೋಪುರವಿರಲಿಲ್ಲ. ಇಟ್ಟಿಗೆ ಗೋಡೆಯ ಮೇಲೆ ತಗಡು ಹೊದಿಸಿದ ಉದ್ದನೆಯ ಹಾಲ್ ಇತ್ತು, ಅಷ್ಟೆ. ಆದರೆ ಗಾಯನ ಮಂಡಳಿಯಿತ್ತು, ಮಂಡಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಗಳಿದ್ದವು, ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಇತ್ತು, ಎಲ್ಲದರ ಮೇಲೆ ಸಾಲೋಮನ್ ಮೇಷ್ಟ್ರು ಇದ್ದರು. ಶಾಲೆಯಿಂದ ನಿವೃತ್ತರಾಗಿಯೂ ಮೇಷ್ಟ್ರಿಕೆಯಿಂದ ನಿವೃತ್ತರಾಗದ ಅವರು ಪ್ರತಿ ಶನಿವಾರ ಸಂಜೆ ನಮಗೆ ಹಾಡು ಕಲಿಸುತ್ತಿದ್ದರು.

ಹೆಸರಿಗೆ ಆ ಹೊತ್ತಿಗಾಗಲೇ ಬೇರೆ ಬೇರೆ ಮಿಷನ್ನಿನ ಸಭೆಗಳು ಒಂದಾಗಿದ್ದವು. ಆದರೆ ಕಾಗದದ ಮೇಲೆ ಒಂದಾದದ್ದು ಬಾಯಲ್ಲಿ ಒಂದಾಗಲು ಕಾಲ ಬೇಕಲ್ಲ! ನನ್ನ ತವರಿನ ಸಭೆಯಲ್ಲಿ ಡಿಸೆಂಬರ್ ಹುಟ್ಟಿತೆಂದರೆ ಕ್ರಿಸ್ಮಸ್ ಹಾಡು ಶುರು. ಅತ್ತೆಯ ಮನೆಯವರದು ಆಂಗ್ಲಿಕನ್ ಪದ್ಧತಿ; ಅಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಎಂದರೆ ಬರುವವನಿಗಾಗಿ ಕಾಯುವ ಕಾಲ. ವೇದಿಗೆ ನೇರಳೆ ಬಣ್ಣದ ಹೊದಿಕೆ, ಹೂವಿಲ್ಲ, ಜನನದ ಹಾಡಿನ ಒಂದು ಸಾಲೂ ಆರಾಧನೆಯಲ್ಲಿ ಕೇಳಿಬರುವಂತಿಲ್ಲ. ಶನಿವಾರದ ಅಭ್ಯಾಸದಲ್ಲಿ ಗಂಟಲು ಹರಿಯುವಂತೆ ಅದನ್ನೇ ಹಾಡಬೇಕು, ಭಾನುವಾರ ಏನೂ ಅರಿಯದವರಂತೆ ನಿಲ್ಲಬೇಕು. ಹಬ್ಬದ ಸಿಹಿತಿಂಡಿ ಕಲ್‌ಕಲ್ ಕರಿದು ಡಬ್ಬ ತುಂಬಿಸಿ, ಯಾರೂ ಮುಟ್ಟಬೇಡಿ ಎಂದ ಹಾಗೆ. ನನಗೆ ಇದೆಲ್ಲ ಬರೀ ಬಿಗುಮಾನವೆನಿಸುತ್ತಿತ್ತು. ಬರುವವನು ಬಂದು ಎರಡು ಸಾವಿರ ವರ್ಷವಾಗುತ್ತ ಬಂದಿರುವಾಗ ಇನ್ನು ಯಾರಿಗಾಗಿ ಕಾಯುವುದು, ನೀವೇ ಹೇಳಿ.

ಆ ವರ್ಷ ನನಗೊಂದು ದೊಡ್ಡ ಆಸೆಯಿತ್ತು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಮೊದಲ ಹಾಡಿನ ಮೊದಲ ಚರಣವನ್ನು ಒಬ್ಬರೇ ಹಾಡುವುದು ವಾಡಿಕೆ. ನಮ್ಮ ಹಾಲ್ ಕಟ್ಟುವ ಮುಂಚೆ ದಂಡು ಪ್ರದೇಶದ ದೇವಾಲಯಕ್ಕೆ ನಡೆದು ಹೋಗುತ್ತಿದ್ದ ಕಾಲದಿಂದಲೂ ಅದು ಅತ್ತೆಯವರದು. ಆ ವರ್ಷ ಅವರ ಗಂಟಲಿಗೆ ಮೇಲಿನ ಸ್ವರ ಹತ್ತದಾಯಿತು. "ನನ್ನ ಸೊಸೆ ಹಾಡ್ತಾಳೆ ಬಿಡಿ ಮೇಷ್ಟ್ರೇ" ಎಂದು ತಾವೇ ಮುಂದೆ ಬಂದು ಹೇಳಿದರು. ಅತ್ತೆ ಸೊಸೆಗೆ ಬೀಗದ ಕೈ ಒಪ್ಪಿಸುವುದನ್ನು ನೀವು ಕೇಳಿದ್ದೀರಿ. ಮಾರ್ಥಮ್ಮನವರು ನನಗೆ ಒಪ್ಪಿಸಿದ್ದು ಆ ಚರಣವನ್ನು. ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ ಇತ್ತೆನ್ನಿ.

ಎರಡನೆಯ ಭಾನುವಾರ ಎಡವಟ್ಟಾಯಿತು. ಆಗಮನ ಕಾಲದ ಗೀತೆಯೊಂದರ ರಾಗವೂ ನನ್ನ ಕ್ರಿಸ್ಮಸ್ ಹಾಡಿನ ರಾಗವೂ ಮೊದಲ ಐದು ಸ್ವರ ಒಂದೇ ದಾರಿಯಲ್ಲಿ ನಡೆದು, ಆರನೆಯದರಲ್ಲಿ ಒಂದು ಇಳಿಜಾರಿಗೂ ಇನ್ನೊಂದು ಏರಿಗೂ ತಿರುಗುತ್ತಿದ್ದವು. ಮೇಷ್ಟ್ರು ಗುರುತಿಗೆಂದು ನುಡಿಸುತ್ತಿದ್ದುದು ಆ ಐದೇ ಸ್ವರ. ಹಿಂದಿನ ಸಂಜೆಯೆಲ್ಲ ನನ್ನ ಚರಣವನ್ನೇ ಉರು ಹೊಡೆದಿದ್ದ ಬಾಯಿ, ನನ್ನನ್ನೊಂದು ಮಾತೂ ಕೇಳದೆ, ಏರಿನ ದಾರಿ ಹಿಡಿಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಕ್ಕದವರು ಸೇರಿಕೊಂಡರು, ಅವರ ಹಿಂದೆ ಗಂಡಸರು, ಅವರ ಹಿಂದೆ ಇಡೀ ಸಭೆ. ಸಭೆಯಲ್ಲಿ ಅರ್ಧ ಜನ ನನ್ನ ಹಾಗೆ ಬೇರೆ ಪದ್ಧತಿಯಿಂದ ಬಂದು, ಎರಡು ವಾರದಿಂದ ಬಾಯಿ ಕಟ್ಟಿಕೊಂಡು ಕುಳಿತವರು! ನೇರಳೆ ಹೊದಿಕೆಯ ಮುಂದೆಯೇ ಯೇಸುಸ್ವಾಮಿ ಹದಿನೈದು ದಿನ ಮೊದಲು ಹುಟ್ಟಿಬಿಟ್ಟ. ಮೇಷ್ಟ್ರ ಬೆರಳುಗಳೂ ಎರಡು ಸಾಲು ನಮ್ಮ ಜೊತೆ ಓಡಿ, ಆಮೇಲೆ ಬಿಸಿ ತಾಗಿದಂತೆ ಮೇಲೆದ್ದವು. ಹಾರ್ಮೋನಿಯಂ ನಿಂತರೂ ಹಾಡು ನಿಲ್ಲಲಿಲ್ಲ. ಆರಾಧನೆ ನಡೆಸುತ್ತಿದ್ದ ಪಾದ್ರಿ ಅಯ್ಯನವರು ಕಣ್ಣು ಮುಚ್ಚಿ ನಿಂತಿದ್ದರು. ಪ್ರಾರ್ಥನೆಗೋ, ನಗು ತಡೆಯುವುದಕ್ಕೋ, ಇವತ್ತಿಗೂ ಗೊತ್ತಿಲ್ಲ.

ಆರಾಧನೆ ಮುಗಿದ ಮೇಲೆ ಮೇಷ್ಟ್ರು ರೇಗಲಿಲ್ಲ; ರೇಗಿದ್ದರೇ ಚೆನ್ನಾಗಿತ್ತು. "ಮುಂದಿನ ಎರಡು ಭಾನುವಾರ ನಿಲುವಂಗಿ ಹಾಕ್ಕೊಂಡು ಸಾಲಲ್ಲಿ ನಿಂತ್ಕೊಳ್ಳಮ್ಮ. ಬಾಯಿ ಮಾತ್ರ ತೆಗೀಬೇಡ. ಚರಣದ ವಿಷಯ ಆಮೇಲೆ ನೋಡೋಣ" ಎಂದರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಭಯ. ಒಪ್ಪಿಸಿಕೊಂಡದ್ದನ್ನು ಒಂದು ತಿಂಗಳೂ ಕಾಪಾಡಲಾರದವಳು ಎನ್ನಿಸಿಕೊಂಡರೆ ಅತ್ತೆಗೆ ಹೇಗೆ ಮುಖ ತೋರಿಸಲಿ?

ಅತ್ತೆ ಮನೆಗೆ ಬಂದವರೇ ಒಲೆಯ ಮೇಲೆ ನೀರಿಟ್ಟು ಮೊಟ್ಟೆ ಹಾಕಿ, "ಆಗಮನದ್ದು ಆರು ಚರಣ ಮನಸ್ಸಲ್ಲೇ ಹೇಳ್ಕೋ. ಮುಗಿದ ಮೇಲೆ ಇಳಿಸು. ಮಧ್ಯೆ ಆತುರ ಪಡಬೇಡ" ಎಂದು ಹೊರಟುಹೋದರು. ಮೂರನೆಯ ಚರಣಕ್ಕೇ ನನ್ನ ತಾಳ್ಮೆ ಮುಗಿಯಿತು. ಇಳಿಸಿ, ಸುಲಿದು, ಕೊಯ್ದರೆ ಹಳದಿ ತಟ್ಟೆಯ ತುಂಬ ಹರಿಯಿತು. ಅತ್ತೆ ಬಂದು ನೋಡಿದರು. "ಮೊಟ್ಟೆ ಚೆನ್ನಾಗೇ ಇತ್ತು ಕಣೇ, ಹೊತ್ತಾಗಿರಲಿಲ್ಲ ಅಷ್ಟೆ" ಎಂದು ನಕ್ಕರು.

ಹಾಡುವವರ ನಡುವೆ ಬಾಯಿ ಮುಚ್ಚಿ ನಿಂತು ನೋಡಿದ್ದೀರಾ? ಹಾಡುವಾಗ ನಮಗೆ ಕೇಳುವುದು ನಮ್ಮದೇ ದನಿ. ಆ ಎರಡು ಭಾನುವಾರ ನಾನು ಮೊದಲ ಸಲ ಉಳಿದವರನ್ನು ಕೇಳಿಸಿಕೊಂಡೆ. ಗಂಡಸರ ಸಾಲಿನಲ್ಲಿದ್ದ ನನ್ನ ಯಜಮಾನರು ಶ್ರುತಿಯ ಹತ್ತಿರಕ್ಕೂ ಸುಳಿಯದೆ ಎಷ್ಟು ಸಂತೋಷದಿಂದ ಹಾಡುತ್ತಾರೆಂಬುದು ಆಗಲೇ ಗೊತ್ತಾದದ್ದು. ಅತ್ತೆಯ ಒಡೆದ ದನಿಯೂ ಕೇಳಿಸಿತು. ಮೇಲಿನ ಸ್ವರ ಬಂದಾಗ ಅವರು ಸುಮ್ಮನಾಗಿ, ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದರು. ಅವರು ಬಿಟ್ಟ ಜಾಗಗಳನ್ನು ನಾನು ಮನಸ್ಸಿನಲ್ಲೇ ತುಂಬುತ್ತಿದ್ದೆ. ಪ್ರಾಣದಂತಿದ್ದ ಹಾಡನ್ನು ಈ ಹೆಂಗಸು ನಗುನಗುತ್ತ ನನ್ನ ಕೈಗಿಟ್ಟು, ನಾನು ಅದನ್ನು ಹಾಡುವ ಸಂಜೆಗಾಗಿ ಕಾಯುತ್ತಿದ್ದಾರೆ ಎಂದು ಹೊಳೆದಾಗ ನನಗೆ ಅಳು ಬಂತು. ಯಾರಿಗಾಗಿ ಕಾಯುವುದೆಂದು ಬೀಗುತ್ತಿದ್ದೆನಲ್ಲ, ಅವರು ಕಾಯುತ್ತಿದ್ದವರಲ್ಲಿ ನಾನೂ ಒಬ್ಬಳಾಗಿದ್ದೆ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ವೇದಿಗೆ ಬಿಳಿ ಹೊದಿಕೆ ಬಂದಿತ್ತು, ಹಾಲಿನ ತುಂಬ ಸೇವಂತಿಗೆ. ಚರಣ ನನಗೆ ಉಳಿದಿದೆಯೋ ಇಲ್ಲವೋ ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ಮೇಷ್ಟ್ರು ತಿರುಗಿ, ನನ್ನನ್ನೇ ನೋಡಿ ತಲೆಯಾಡಿಸಿ, ಐದು ಸ್ವರ ನುಡಿಸಿದರು. ನಾನು ಬಾಯಿ ತೆಗೆಯಲಿಲ್ಲ. ಎಲ್ಲಿ ಮತ್ತೆ ಮೊದಲೇ ಹಾಡಿಬಿಡುವೆನೋ ಎಂಬ ಅಂಜಿಕೆ! ಬಿಸಿಲಾರಿದ ತಗಡು ಮೇಲೆ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ಆಗ ನನ್ನ ಮೊಣಕೈಗೆ ಚುರ್ರೆನ್ನುವಂತೆ ಒಂದು ಚಿವುಟು ಬಿತ್ತು.

"ಹಾಡೇ, ಆರು ಚರಣ ಆಯ್ತು" ಎಂದರು ಅತ್ತೆ, ಕಿವಿಯ ಹತ್ತಿರ.

ಹಾಡಿದೆ. ಅಷ್ಟು ಚೆನ್ನಾಗಿ ಮತ್ತೆಂದೂ ಹಾಡಲಿಲ್ಲ.

ಈಗ ಮೇಲಿನ ಸ್ವರ ನನಗೂ ಹತ್ತುವುದಿಲ್ಲ. ಹೋದ ಡಿಸೆಂಬರಿನಲ್ಲಿ ಒಲೆಯ ಮುಂದೆ ಆಗಮನದ ಗೀತೆ ಹಾಡುತ್ತ ಆ ಜಾಗ ಬಂದಾಗ ಅಭ್ಯಾಸಬಲದಿಂದ ಸುಮ್ಮನಾದೆ. ಈರುಳ್ಳಿ ಹೆಚ್ಚುತ್ತಿದ್ದ ಸೊಸೆ ತಲೆಯೆತ್ತದೆಯೇ ಆ ಸ್ವರ ಹಿಡಿದು ನನ್ನನ್ನು ದಾಟಿಸಿದಳು. ಅಷ್ಟರಲ್ಲಿ ಯಂತ್ರ ಕಿಣಿಕಿಣಿ ಎಂದಿತು.

"ಅತ್ತೆ, ಇಳಿಸ್ಲಾ?" ಎಂದಳು.

"ಇನ್ನೊಂದು ಚರಣ ಇದೆ ಕಣೇ" ಎಂದೆ. "ಅದನ್ನ ನೀನೇ ಹಾಡು."